ಯಾರು ಮಾತಾಡಿದ್ದು? ಕಪ್ಪು ಪರದೆಯಲ್ಲಿ ಸಿ ಕಲಿಯುವವರಿಗೆ ಮೊದಲ ಪಾಠ

ಈ ಪಾಠ ರಾಯದುರ್ಗ, ಡಿ. ಹಿರೇಹಾಳ್, ಬೊಮ್ಮನಹಾಳ್ ಕಡೆಯ ಮಕ್ಕಳಿಗೆ. ಹಾಗೆಯೇ ಮಡಕಶಿರ, ಅಮರಾಪುರ, ರೊಳ್ಳ, ಅಗಳಿ, ಗುಡಿಬಂಡೆ ಕಡೆಯವರಿಗೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಾಲಿಸೆಟ್ ಬರೆದು ಡಿಪ್ಲೊಮಾಕ್ಕೋ, ಇಂಟರ್ ಮುಗಿಸಿ ಡಿಗ್ರಿಗೋ ಸೇರಿ, ಮೊದಲ ವರ್ಷದಲ್ಲೇ ‘ಸಿ’ ಎಂಬ ವಿಷಯದ ಎದುರು ಕೂತವರಿಗೆ ಬರೆದದ್ದು. ನಿಮ್ಮ ಕಷ್ಟ ಎಂಥದ್ದೆಂದು ಗೊತ್ತು. ಪುಸ್ತಕ ಇಂಗ್ಲಿಷಿನಲ್ಲಿದೆ, ಲ್ಯಾಬಿನಲ್ಲಿ ಮೇಷ್ಟ್ರು ತೆಲುಗಿನಲ್ಲಿ ಹೇಳುತ್ತಾರೆ, ನೀವು ತಲೆಯೊಳಗೆ ಲೆಕ್ಕ ಹಾಕುವುದು ಕನ್ನಡದಲ್ಲಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ತಾಲೂಕು ಆ ಕಡೆ ಹೋಗಿ ಅನಂತಪುರಕ್ಕೆ ಸೇರಿತು. 2022ರಲ್ಲಿ ಮಡಕಶಿರ ಅನಂತಪುರವನ್ನೂ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಗೆರೆಗಳು ಸರಿದವು, ಮನೆಮಾತು ಅಲ್ಲೇ ಉಳಿಯಿತು. ಹಾಗಾಗಿ ನಮ್ಮ ಮಕ್ಕಳಿಗೆ ಒಂದೇ ಲ್ಯಾಬಿನಲ್ಲಿ ಮೂರು ಭಾಷೆ.

ಸಮಾಧಾನದ ವಿಷಯ ಏನೆಂದರೆ, ಸಿ ಕಂಪೈಲರಿಗೆ ಈ ಮೂರರಲ್ಲಿ ಯಾವುದೂ ಬರುವುದಿಲ್ಲ. ಅದಕ್ಕೆ ಗೊತ್ತಿರುವ ಮೂಲ ಪದಗಳು, ಅಂದರೆ ಕೀವರ್ಡುಗಳು, 1989ರ ಮಾನಕದ ಪ್ರಕಾರ 32 ಮಾತ್ರ. ಇಂಗ್ಲಿಷ್ ಚೆನ್ನಾಗಿ ಬರುವ ಹುಡುಗನೂ ಆ 32ನ್ನು ಹೊಸದಾಗಿಯೇ ಕಲಿಯಬೇಕು. ನಿಜವಾದ ತೊಡಕು ಬೇರೆ ಕಡೆ ಇದೆ. ಏನೋ ತಪ್ಪಾಗುತ್ತದೆ, ಪರದೆಯ ಮೇಲೆ ಇಂಗ್ಲಿಷಿನಲ್ಲಿ ನಾಲ್ಕಾರು ಸಾಲು ಬಂದು ಬೀಳುತ್ತದೆ, ಅದನ್ನು ನೋಡಿದ ಕೂಡಲೇ ಕೈ ನಿಂತುಹೋಗುತ್ತದೆ. ಈ ಪಾಠದಲ್ಲಿ ನಾನು ಹೇಳುವುದು ಒಂದೇ ಮಾತು: ಆ ಸಾಲು ಕಂಡಾಗ ‘ಇದರ ಅರ್ಥ ಏನು’ ಎಂದು ಹೆದರುವ ಮೊದಲು, ‘ಇದನ್ನು ಹೇಳಿದ್ದು ಯಾರು’ ಎಂದು ಕೇಳಿ. ಕಪ್ಪು ಪರದೆಯಲ್ಲಿ ಮಾತಾಡುವವರು ಐದು ಜನ. ಯಾರು ಮಾತಾಡಿದ್ದು ಎಂದು ಗೊತ್ತಾದರೆ ತಪ್ಪು ಎಲ್ಲಿದೆ ಎಂಬುದು ಮುಕ್ಕಾಲು ಪಾಲು ಗೊತ್ತಾದ ಹಾಗೆ.

ನೀಲಿ ಪರದೆ ಬಚ್ಚಿಟ್ಟದ್ದು

ನಿಮ್ಮ ಅಣ್ಣಂದಿರು, ಅಕ್ಕಂದಿರು ಸಿ ಕಲಿತದ್ದು ಹೆಚ್ಚಾಗಿ ಟರ್ಬೊ ಸಿಯ ನೀಲಿ ಪರದೆಯಲ್ಲಿ. ಬೋರ್‌ಲ್ಯಾಂಡ್ ಕಂಪನಿ ಅದನ್ನು 1987ರಲ್ಲಿ ಹೊರತಂದಿತು. ಡಾಸ್ ಎಂಬ ಹಳೇ ಆಪರೇಟಿಂಗ್ ಸಿಸ್ಟಂನ ಕಾಲ ಮುಗಿದ ಮೇಲೂ ನಮ್ಮ ದೇಶದ ಎಷ್ಟೋ ಕಾಲೇಜುಗಳಲ್ಲಿ ಡಾಸ್‌ಬಾಕ್ಸ್ ಎಂಬ ಇನ್ನೊಂದು ಪ್ರೋಗ್ರಾಮಿನೊಳಗೆ ಅದನ್ನು ಕೂರಿಸಿ ಓಡಿಸಿದರು. ಅಲ್ಲಿ ಕಂಟ್ರೋಲ್ ಒತ್ತಿ ಎಫ್9 ಒತ್ತಿದರೆ ಮುಗಿಯಿತು, ಕಂಪೈಲ್ ಆಗುವುದೂ ರನ್ ಆಗುವುದೂ ಒಂದೇ ಏಟಿಗೆ. ಅನುಕೂಲವೇನೋ ಹೌದು. ಆದರೆ ಒಳಗೆ ಎಷ್ಟು ಜನ ಕೆಲಸ ಮಾಡಿದರು, ಯಾರ ಹತ್ತಿರ ಕೆಲಸ ನಿಂತಿತು ಎಂಬುದು ಕಾಣಿಸುತ್ತಿರಲಿಲ್ಲ.

ಅದೇ 1987ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಜಿಸಿಸಿ ಎಂಬ ಕಂಪೈಲರನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಲಿನಕ್ಸ್ ಇರುವ ಯಾವ ಕಂಪ್ಯೂಟರಿನಲ್ಲೂ ಇವತ್ತು ಅದನ್ನು ಕಾಸು ಕೊಡದೆ ಹಾಕಿಕೊಳ್ಳಬಹುದು. ಉಬುಂಟು ಇದ್ದರೆ ಟರ್ಮಿನಲ್, ಅಂದರೆ ಆ ಕಪ್ಪು ಪರದೆ, ತೆರೆದು ‘ಸುಡೊ ಆಪ್ಟ್ ಇನ್‌ಸ್ಟಾಲ್ ಬಿಲ್ಡ್-ಎಸೆನ್ಷಿಯಲ್’ ಎಂದು ಹೊಡೆದರೆ ಸಾಕು, ಬೇಕಾದ ಸಾಮಾನೆಲ್ಲ ಒಟ್ಟಿಗೆ ಬರುತ್ತದೆ.

ಮುಂದೆ ಹೋಗುವ ಮೊದಲು ಒಂದು ಸೂಚನೆ. ಕೋಡನ್ನೂ ಕಮಾಂಡುಗಳನ್ನೂ ಲ್ಯಾಬಿನಲ್ಲಿ ಬಾಯಲ್ಲಿ ಹೇಳುವ ಹಾಗೆ ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಕೀಬೋರ್ಡಿನಲ್ಲಿ ಹೊಡೆಯುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನೇ ಹೊಡೆಯಬೇಕು. ದೊಡ್ಡ ಅಕ್ಷರ ಬೇಕಾದ ಕಡೆ ಹೇಳುತ್ತೇನೆ. ಸ್ಪೆಲ್ಲಿಂಗು ನಿಮ್ಮ ಪಠ್ಯಪುಸ್ತಕದ ಮೊದಲ ಪುಟಗಳಲ್ಲೇ ಇದೆ, ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಚಿಹ್ನೆಗಳು ಮಾತ್ರ ಇಲ್ಲಿ ಇದ್ದದ್ದು ಇದ್ದ ಹಾಗೆಯೇ. ಜೋಡಿ ಉದ್ಧರಣ ಚಿಹ್ನೆಯ ಒಳಗಿರುವ ಕನ್ನಡವನ್ನು ಕನ್ನಡದಲ್ಲೇ ಟೈಪ್ ಮಾಡಿ.

ಮೊದಲ ಫೈಲು

ಟರ್ಮಿನಲ್ ತೆರೆದರೆ ಒಂದು ಡಾಲರ್ ಗುರುತು, ಅದರ ಮುಂದೆ ಮಿನುಗುವ ಕರ್ಸರ್. ಅಲ್ಲಿ ಕಾದು ಕೂತಿರುವವನ ಹೆಸರು ಶೆಲ್. ನೀವು ಹೊಡೆದ ಸಾಲಿನ ಮೊದಲ ಪದವನ್ನು ಪ್ರೋಗ್ರಾಮಿನ ಹೆಸರೆಂದು ತಿಳಿದು, ಅದನ್ನು ಹುಡುಕಿ ಓಡಿಸುವುದು ಅವನ ಕೆಲಸ. ಮೊದಲು ಒಂದು ಫೋಲ್ಡರ್ ಮಾಡಿ ಒಳಗೆ ಹೋಗೋಣ, ಅಲ್ಲಿ ನ್ಯಾನೊ ಎಂಬ ಸರಳ ಎಡಿಟರಿನಲ್ಲಿ ಫೈಲು ತೆರೆಯೋಣ:

$ ಎಂಕೆಡಿಐಆರ್ ಪಾಠ
$ ಸಿಡಿ ಪಾಠ
$ ನ್ಯಾನೊ ಊರು.ಸಿ

ಫೈಲಿನೊಳಗೆ ಇಷ್ಟು ಬರೆಯಿರಿ:

#ಇನ್‌ಕ್ಲೂಡ್ <ಎಸ್‌ಟಿಡಿಐಒ.ಎಚ್>
ಇಂಟ್ ಮೇನ್(ವಾಯ್ಡ್)
{
    ಪ್ರಿಂಟ್‌ಎಫ್("ರಾಯದುರ್ಗ\ಎನ್");
    ರಿಟರ್ನ್ 0;
}

ಆರೇ ಸಾಲು. ಮೊದಲ ಸಾಲು, ಪ್ರಿಂಟ್‌ಎಫ್ ಹೇಗಿರುತ್ತದೆ ಎಂದು ತಿಳಿಸುವ ಹೆಡರ್ ಫೈಲನ್ನು ಇಲ್ಲಿ ಸೇರಿಸು ಎನ್ನುತ್ತದೆ. ಪ್ರೋಗ್ರಾಮು ಶುರುವಾಗುವ ಜಾಗದ ಹೆಸರು ಮೇನ್. ಹಿಮ್ಮುಖ ಗೆರೆ ಮತ್ತು ಇಂಗ್ಲಿಷಿನ ಎನ್ ಅಕ್ಷರ ಸೇರಿದರೆ ‘ಮುಂದಿನ ಸಾಲಿಗೆ ಹೋಗು’ ಎಂದರ್ಥ. ಕೊನೆಯಲ್ಲಿರುವ ಸೊನ್ನೆ ‘ಎಲ್ಲ ಸರಿಯಾಯಿತು’ ಎಂದು ಶೆಲ್ಲಿಗೆ ಒಪ್ಪಿಸುವ ಲೆಕ್ಕ. ಕಂಟ್ರೋಲ್ ಮತ್ತು ಒ ಒತ್ತಿ, ಎಂಟರ್ ಹೊಡೆದು ಉಳಿಸಿ, ಕಂಟ್ರೋಲ್ ಮತ್ತು ಎಕ್ಸ್ ಒತ್ತಿ ಹೊರಗೆ ಬನ್ನಿ. ಈಗ:

$ ಜಿಸಿಸಿ ಊರು.ಸಿ -ಒ ಊರು
$ ./ಊರು
ರಾಯದುರ್ಗ

ಮೊದಲ ಕಮಾಂಡು ಹೊಡೆದಾಗ ಏನೂ ಬರಲಿಲ್ಲ, ನೋಡಿ. ಹೊಸಬರು ಇಲ್ಲಿ ಗಾಬರಿಯಾಗಿ ಮತ್ತೆ ಮತ್ತೆ ಹೊಡೆಯುತ್ತಾರೆ. ಜಿಸಿಸಿಯ ಮಟ್ಟಿಗೆ ಮೌನವೇ ಸಮ್ಮತಿ: ತಪ್ಪಿಲ್ಲದಿದ್ದರೆ ಅದು ತುಟಿ ಬಿಚ್ಚುವುದಿಲ್ಲ. ‘-ಒ’ ಅಂದರೆ ಔಟ್‌ಪುಟ್. ಅದು ಸಣ್ಣ ಒ ಅಕ್ಷರ, ಸೊನ್ನೆಯಲ್ಲ. ಅದರ ಪಕ್ಕದ ಹೆಸರು ತಯಾರಾಗುವ ಪ್ರೋಗ್ರಾಮಿನದು. ಅದನ್ನು ಬಿಟ್ಟು ಬರೀ ‘ಜಿಸಿಸಿ ಊರು.ಸಿ’ ಎಂದರೂ ಕೆಲಸ ಆಗುತ್ತದೆ, ಆದರೆ ಪ್ರೋಗ್ರಾಮಿಗೆ ‘ಎ.ಔಟ್’ ಎಂಬ ಹಳೇ ಕಾಲದ ಹೆಸರು ಬೀಳುತ್ತದೆ. ಮುಂದಿನ ಪ್ರೋಗ್ರಾಮಿಗೂ ಅದೇ ಹೆಸರು ಬಿದ್ದು ಹಿಂದಿನದು ಅಳಿಸಿಹೋಗುತ್ತದೆ. ಆದ್ದರಿಂದ ಹೆಸರು ಕೊಡುವ ಅಭ್ಯಾಸ ಮೊದಲ ದಿನದಿಂದಲೇ ಇರಲಿ.

ಓಡಿಸುವಾಗ ಹೆಸರಿನ ಹಿಂದೆ ಚುಕ್ಕಿ ಮತ್ತು ಓರೆ ಗೆರೆ ಏಕೆ? ಶೆಲ್ ಪ್ರೋಗ್ರಾಮುಗಳನ್ನು ಹುಡುಕುವುದು ‘ಪಾತ್’ ಎಂಬ ಪಟ್ಟಿಯಲ್ಲಿರುವ ಫೋಲ್ಡರುಗಳಲ್ಲಿ ಮಾತ್ರ. ನೀವು ಈಗ ನಿಂತಿರುವ ಫೋಲ್ಡರು ಆ ಪಟ್ಟಿಯಲ್ಲಿ ಇರುವುದಿಲ್ಲ. ಇದು ಬೇಕೆಂದೇ ಮಾಡಿದ ಏರ್ಪಾಡು. ಎಲ್ಲರೂ ಬಳಸುವ ಫೋಲ್ಡರಿನಲ್ಲಿ ಯಾರೋ ಕಿಡಿಗೇಡಿ ‘ಎಲ್‌ಎಸ್’ ಎಂಬ ಹೆಸರಿನ ಫೈಲು ಇಟ್ಟುಹೋದರೆ, ಫೈಲುಗಳ ಪಟ್ಟಿ ನೋಡಲು ನೀವು ‘ಎಲ್‌ಎಸ್’ ಎಂದಾಗ ಅದು ಓಡಬಾರದಲ್ಲ! ಚುಕ್ಕಿ ಅಂದರೆ ‘ಇದೇ ಫೋಲ್ಡರು’. ‘./ಊರು’ ಎಂದರೆ ‘ಇಲ್ಲಿರುವ ಊರು’.

ಇದೇ ಕಾರಣಕ್ಕೆ ಇನ್ನೊಂದು ಮಾತು. ಪ್ರೋಗ್ರಾಮಿಗೆ ‘ಟೆಸ್ಟ್’ ಎಂದು ಹೆಸರಿಡಬೇಡಿ. ಆ ಹೆಸರಿನ ಕಮಾಂಡು ಶೆಲ್ಲಿನೊಳಗೆ ಮೊದಲೇ ಇದೆ. ಚುಕ್ಕಿ-ಗೆರೆ ಮರೆತು ಬರೀ ‘ಟೆಸ್ಟ್’ ಎಂದರೆ ಅದು ಓಡುತ್ತದೆ, ಪರದೆಯ ಮೇಲೆ ಏನೂ ಬರುವುದಿಲ್ಲ, ನೀವು ಸರಿಯಾಗಿರುವ ಕೋಡನ್ನೇ ಸಂಜೆವರೆಗೆ ತಿದ್ದುತ್ತಾ ಕೂರುತ್ತೀರಿ.

ಒಳಗೆ ನಾಲ್ಕು ಹಂತ

ಜಿಸಿಸಿ ಎಂದು ಒಂದೇ ಹೆಸರು ಹೊಡೆದರೂ ಒಳಗೆ ನಡೆಯುವುದು ನಾಲ್ಕು ಕೆಲಸ. ಒಂದೊಂದನ್ನೇ ನಿಲ್ಲಿಸಿ ನೋಡಬಹುದು. ಇದೇ ಕಪ್ಪು ಪರದೆಯ ದೊಡ್ಡ ಲಾಭ.

$ ಜಿಸಿಸಿ -ಇ ಊರು.ಸಿ -ಒ ಊರು.ಐ
$ ಜಿಸಿಸಿ -ಎಸ್ ಊರು.ಐ
$ ಜಿಸಿಸಿ -ಸಿ ಊರು.ಎಸ್
$ ಜಿಸಿಸಿ ಊರು.ಒ -ಒ ಊರು

ಇಲ್ಲಿ ಗೆರೆಯ ಪಕ್ಕದ ಇ ಮತ್ತು ಎಸ್ ದೊಡ್ಡ ಅಕ್ಷರ, ಸಿ ಸಣ್ಣ ಅಕ್ಷರ. ಫೈಲಿನ ಹೆಸರುಗಳೆಲ್ಲ ಸಣ್ಣವೇ.

ಮೊದಲ ಹಂತ ಪ್ರಿಪ್ರೊಸೆಸರಿನದು. ಹ್ಯಾಶ್ ಗುರುತಿನ ಸಾಲುಗಳನ್ನು ನೋಡಿಕೊಳ್ಳುವುದು ಅದರ ಕೆಲಸ. ಊರು.ಐ ತೆರೆದು ನೋಡಿ: ನಿಮ್ಮ ಆರು ಸಾಲು ನೂರಾರು ಸಾಲಾಗಿರುತ್ತದೆ. ಹೆಡರ್ ಫೈಲು ಪೂರ್ತಿ ಬಂದು ಕೂತಿದೆ, ನೀವು ಬರೆದದ್ದು ಕಟ್ಟಕಡೆಯಲ್ಲಿದೆ.

ಎರಡನೆಯದು ನಿಜವಾದ ಕಂಪೈಲರು. ಸಿ ಭಾಷೆಯನ್ನು ಅದು ಅಸೆಂಬ್ಲಿ ಎಂಬ, ಯಂತ್ರಕ್ಕೆ ಹತ್ತಿರದ ಭಾಷೆಗೆ ಇಳಿಸುತ್ತದೆ. ಊರು.ಎಸ್ ತೆರೆದು ಒಂದು ನಿಮಿಷ ಕಣ್ಣಾಡಿಸಿ. ಪೂರ್ತಿ ಅರ್ಥವಾಗಬೇಕಿಲ್ಲ, ಎರಡು ಸಂಗತಿ ಮಾತ್ರ ಹುಡುಕಿ. ನೀವು ಬರೆದ ಪ್ರಿಂಟ್‌ಎಫ್ ಅಲ್ಲಿ ಕಾಣುವುದಿಲ್ಲ, ಅದರ ಜಾಗದಲ್ಲಿ ‘ಪುಟ್ಸ್’ ಎಂದಿರುತ್ತದೆ. ಬರೀ ಒಂದು ಸಾಲು ಬರಹ ಅಚ್ಚು ಮಾಡಲು ಅಷ್ಟು ದೊಡ್ಡ ಪ್ರಿಂಟ್‌ಎಫ್ ಏಕೆ ಎಂದು ಕಂಪೈಲರು ತಾನೇ ಬದಲಾಯಿಸಿಕೊಂಡಿದೆ. ನಿಮ್ಮ ಕೋಡನ್ನು ಅದು ಓದಿ, ಅರ್ಥ ಮಾಡಿಕೊಂಡು, ತನ್ನ ರೀತಿಯಲ್ಲಿ ಬರೆಯುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಇನ್ನೊಂದು ಸಂಗತಿ ನಮ್ಮ ಊರಿನ ಹೆಸರು. ‘ರಾಯದುರ್ಗ’ ಇರಬೇಕಾದ ಕಡೆ \340\262\260 ಎಂದು ಶುರುವಾಗುವ ಅಂಕಿಗಳ ಸಾಲಿರುತ್ತದೆ. ಆ ಮೊದಲ ಮೂರು ಸೇರಿದರೆ ‘ರ’. ಅವು ಎಂಟರ ಆಧಾರದ, ಅಂದರೆ ಆಕ್ಟಲ್ ಅಂಕಿಗಳು. ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಯೂ ಯುಟಿಎಫ್-8 ಪದ್ಧತಿಯಲ್ಲಿ ಮೂರು ಬೈಟು ತೆಗೆದುಕೊಳ್ಳುತ್ತದೆ. ಮೊದಲನೆಯದು ಯಾವಾಗಲೂ 340. ಎರಡನೆಯದು 262 ಇಲ್ಲವೇ 263. ಅದೇ ಹೆಸರನ್ನು ತೆಲುಗು ಲಿಪಿಯಲ್ಲಿ ಬರೆದು ಕಂಪೈಲ್ ಮಾಡಿ ನೋಡಿ: ಅಲ್ಲೂ 340, ಆಮೇಲೆ 260 ಇಲ್ಲವೇ 261. ನಮ್ಮ ಎರಡು ಲಿಪಿಗಳು ಯೂನಿಕೋಡಿನಲ್ಲಿ ಅಕ್ಕಪಕ್ಕದ ಮನೆಯವು.

ಇದರಿಂದ ಒಂದು ಒಳ್ಳೆಯ ಪ್ರಯೋಗ ಹುಟ್ಟುತ್ತದೆ. ಎಸ್‌ಟಿಆರ್‌ಲೆನ್ ಎಂಬ ಫಂಕ್ಷನ್ನಿಗೆ ಒಂದು ಹೆಸರು ಕೊಟ್ಟರೆ ಅದರ ಉದ್ದ ಹೇಳುತ್ತದೆ. ‘ರಾಯದುರ್ಗ’ ಕೊಟ್ಟರೆ 24 ಎನ್ನುತ್ತದೆ, ‘ಮಡಕಶಿರ’ ಕೊಟ್ಟರೆ 18. ಕಿವಿಗೆ ರಾಯದುರ್ಗ ನಾಲ್ಕೇ ಅಕ್ಷರ: ರಾ, ಯ, ದು, ರ್ಗ. ಮಡಕಶಿರ ಐದು. ಹಾಗಿದ್ದೂ ನಾಲ್ಕಕ್ಷರದ ಊರೇ ಉದ್ದ ಬಂತು. ಏಕೆಂದರೆ ಕಂಪ್ಯೂಟರಿನಲ್ಲಿ ದೀರ್ಘ, ಕೊಂಬು, ಒತ್ತು ಎಲ್ಲಕ್ಕೂ ಬೇರೆ ಬೇರೆ ಚಿಹ್ನೆ. ರ, ಆ ಕಾರದ ಗುರುತು, ಯ, ದ, ಉ ಕಾರದ ಗುರುತು, ರ, ಹಲಂತ, ಗ ಎಂದು ರಾಯದುರ್ಗದಲ್ಲಿ ಎಂಟು ಚಿಹ್ನೆಗಳು. ಎಂಟು ಮೂರಲೆ ಇಪ್ಪತ್ನಾಲ್ಕು. ಮಡಕಶಿರದಲ್ಲಿ ಗುಡಿಸು ಒಂದೇ ಹೆಚ್ಚು, ಹಾಗಾಗಿ ಆರು. ಆರು ಮೂರಲೆ ಹದಿನೆಂಟು. ಎಸ್‌ಟಿಆರ್‌ಲೆನ್ ಎಣಿಸುವುದು ಬೈಟುಗಳನ್ನು, ಅಕ್ಷರಗಳನ್ನಲ್ಲ. ಇಂಗ್ಲಿಷ್ ಹೆಸರುಗಳಲ್ಲೇ ಅಭ್ಯಾಸ ಮಾಡಿದವರಿಗೆ ಎರಡೂ ಒಂದೇ ಎಂಬ ಭ್ರಮೆ ವರ್ಷಗಟ್ಟಲೆ ಉಳಿಯುತ್ತದೆ. ಕನ್ನಡದವರಿಗೆ ಮೊದಲ ವಾರವೇ ಬಿಡುತ್ತದೆ. ಸಿ ಭಾಷೆಯನ್ನು ಡೆನ್ನಿಸ್ ರಿಚಿ ರೂಪಿಸಿದ್ದು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ, 1972ರ ಹೊತ್ತಿಗೆ. ಯುಟಿಎಫ್-8 ಹುಟ್ಟಿದ್ದು ಅದೇ ಸಂಸ್ಥೆಯ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಕೈಯಲ್ಲಿ, 1992ರಲ್ಲಿ. ಸಿ ಹುಟ್ಟಿದಾಗ ಅದರೊಳಗೆ ಜಾಗವಿಲ್ಲದ ಲಿಪಿಗಳು ಇಪ್ಪತ್ತು ವರ್ಷದ ನಂತರ ಅಲ್ಲಿ ಹಿಡಿಸುವಂತಾದದ್ದು ಹೀಗೆ. ಟರ್ಮಿನಲ್ಲಿನಲ್ಲಿ ಒತ್ತಕ್ಷರ ಚೆದುರಿದಂತೆ ಕಂಡರೆ ಬೇಸರ ಬೇಡ, ಅದು ಅಕ್ಷರ ಬಿಡಿಸುವ ಟರ್ಮಿನಲ್ಲಿನ ಕೊರತೆ. ಬೈಟುಗಳು ಸರಿಯಾಗಿಯೇ ಇರುತ್ತವೆ.

ಮೂರನೆಯ ಹಂತದಲ್ಲಿ ಅಸೆಂಬ್ಲರು ಆ ಅಸೆಂಬ್ಲಿಯನ್ನು ಯಂತ್ರದ ಭಾಷೆಗೆ ತಿರುಗಿಸಿ ಊರು.ಒ ಎಂಬ ಆಬ್ಜೆಕ್ಟ್ ಫೈಲು ಮಾಡುತ್ತದೆ. ಇದು ಓಡುವುದಿಲ್ಲ. ಏಕೆಂದರೆ ಪುಟ್ಸ್ ಎಂಬುದು ಎಲ್ಲಿದೆ ಎಂದು ಅದಕ್ಕೆ ಇನ್ನೂ ಗೊತ್ತಿಲ್ಲ, ಆ ಜಾಗ ಖಾಲಿಯಿದೆ.

ನಾಲ್ಕನೆಯವನು ಲಿಂಕರು. ರಾಯದುರ್ಗದಿಂದ ಕಲ್ಯಾಣದುರ್ಗ, ಪಾವಗಡ, ಮಡಕಶಿರದ ಮೇಲೆ ತುಮಕೂರಿಗೆ ಹೋಗುವ ಹೊಸ ರೈಲು ಮಾರ್ಗವನ್ನು ನೆನೆಯಿರಿ. ಒಂದೊಂದು ತುಂಡು ಹಳಿ ಎಷ್ಟೇ ಚೆನ್ನಾಗಿ ಬಿದ್ದಿದ್ದರೂ, ತುಂಡು ತುಂಡಿಗೆ ಕೂಡುವತನಕ ರಾಯದುರ್ಗದಲ್ಲಿ ಹತ್ತಿದವನು ಮಡಕಶಿರದಲ್ಲಿ ಇಳಿಯುವಂತಿಲ್ಲ. ನಿಮ್ಮ ಊರು.ಒ ಒಂದು ತುಂಡು, ಸಿ ಲೈಬ್ರರಿ ಇನ್ನೊಂದು ತುಂಡು, ಕೂಡಿಸುವವನು ಲಿಂಕರು. ನಾಳೆ ನೀವು ಎರಡು ಮೂರು ಫೈಲಿನಲ್ಲಿ ದೊಡ್ಡ ಪ್ರೋಗ್ರಾಮು ಬರೆದಾಗ ಅವನ್ನು ಜೋಡಿಸುವವನೂ ಇವನೇ.

ಐದು ದನಿ

ಈಗ ಮೊದಲು ಹೇಳಿದ ಮಾತಿಗೆ ಬರೋಣ. ಸಂದೇಶ ಬಂದಾಗ ಸಾಲಿನ ಆರಂಭ ನೋಡಿ, ಮಾತಾಡಿದವರು ಯಾರೆಂದು ಅಲ್ಲೇ ಗೊತ್ತಾಗುತ್ತದೆ.

ಸಾಲು ‘ಬ್ಯಾಷ್:’ ಎಂದು ಶುರುವಾದರೆ, ಇಲ್ಲವೇ ‘ಕಮಾಂಡ್ ನಾಟ್ ಫೌಂಡ್’ ಎಂದಿದ್ದರೆ ಮಾತಾಡಿದ್ದು ಶೆಲ್. ನಿಮ್ಮ ಕೋಡನ್ನು ಯಾರೂ ಇನ್ನೂ ಮುಟ್ಟಿಲ್ಲ. ಜಿಸಿಸಿ ಎಂಬುದನ್ನು ಜಿಸಿ ಎಂದು ಹೊಡೆದಿರುತ್ತೀರಿ, ಕಂಪೈಲರನ್ನು ಇನ್ನೂ ಹಾಕಿಕೊಂಡಿರುವುದಿಲ್ಲ, ಇಲ್ಲವೇ ಚುಕ್ಕಿ-ಗೆರೆ ಮರೆತಿರುತ್ತೀರಿ. ಇಲ್ಲಿ ಕೋಡು ತಿದ್ದಲು ಹೋಗುವುದು ವ್ಯರ್ಥ.

ಫೈಲಿನ ಹೆಸರು, ಸಾಲಿನ ಅಂಕಿ, ಆಮೇಲೆ ‘ಫೇಟಲ್ ಎರರ್’, ಕೊನೆಯಲ್ಲಿ ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂದಿದ್ದರೆ ಅದು ಪ್ರಿಪ್ರೊಸೆಸರು. ಹೆಡರ್ ಫೈಲು ಸಿಕ್ಕಿಲ್ಲ ಎಂದು ಹೇಳುತ್ತಿದೆ. ಹಳೇ ರೆಕಾರ್ಡ್ ಬುಕ್ಕಿನಿಂದ ಇಳಿಸಿಕೊಂಡವರಿಗೆ ಇದು ಖಂಡಿತ ಸಿಗುತ್ತದೆ: ಅದರಲ್ಲಿ ಕಾನಿಯೊ.ಎಚ್ ಎಂಬ ಹೆಡರ್ ಇರುತ್ತದೆ. ಅದು ಸಿ ಮಾನಕದ್ದಲ್ಲ, ಡಾಸ್ ಕಾಲದ ಕಂಪೈಲರುಗಳದ್ದು, ಲಿನಕ್ಸಿನಲ್ಲಿ ಇಲ್ಲ. ಆ ಸಾಲನ್ನೂ, ಅದರ ಬೆನ್ನಿಗೆ ಬರುವ ಕ್ಲಿಯರ್‌ಸ್ಕ್ರೀನ್, ಗೆಟ್‌ಸಿಎಚ್ ಸಾಲುಗಳನ್ನೂ ತೆಗೆದುಬಿಡಿ. ‘ವಾಯ್ಡ್ ಮೇನ್’ ಎಂದಿದ್ದರೆ ‘ಇಂಟ್ ಮೇನ್’ ಮಾಡಿ.

ಫೈಲಿನ ಹೆಸರು, ಸಾಲಿನ ಅಂಕಿ, ಸಾಲಿನೊಳಗಿನ ಜಾಗದ ಅಂಕಿ, ಆಮೇಲೆ ‘ಎರರ್’ ಇಲ್ಲವೇ ‘ವಾರ್ನಿಂಗ್’ ಎಂದಿದ್ದರೆ ಬಹುತೇಕ ಕಂಪೈಲರು. ನಾಲ್ಕನೇ ಸಾಲಿನ ಸೆಮಿಕೋಲನ್ ಅಳಿಸಿ ನೋಡಿ. ಹೊಸ ಜಿಸಿಸಿ ನಾಲ್ಕನೇ ಸಾಲಿನ ತುದಿಗೇ ಬೆರಳಿಟ್ಟು ‘ರಿಟರ್ನ್ ಪದಕ್ಕೆ ಮೊದಲು ಸೆಮಿಕೋಲನ್ ಬೇಕಿತ್ತು’ ಎನ್ನುತ್ತದೆ. ಹಳೆಯ ಕಂಪೈಲರುಗಳು ಐದನೇ ಸಾಲನ್ನು ತೋರಿಸುತ್ತವೆ, ಏಕೆಂದರೆ ಇಲ್ಲದ್ದು ಇಲ್ಲ ಎಂದು ಗೊತ್ತಾಗುವುದು ಮುಂದಿನ ಪದ ಕಂಡಾಗಲೇ. ಆದ್ದರಿಂದ ತೋರಿಸಿದ ಸಾಲು ಸರಿಯಾಗಿದ್ದರೆ ಅದರ ಮೇಲಿನ ಸಾಲನ್ನು ನೋಡಿ. ಇಪ್ಪತ್ತು ಎರರ್ ಬಂದರೆ ಮೊದಲನೆಯದನ್ನು ಮಾತ್ರ ಓದಿ, ತಿದ್ದಿ, ಮತ್ತೆ ಕಂಪೈಲ್ ಮಾಡಿ. ಉಳಿದವುಗಳಲ್ಲಿ ಎಷ್ಟೋ ಆ ಒಂದರ ಹಿಂದೆಯೇ ಬಂದವು, ಅದರ ಜೊತೆಗೇ ಹೋಗುತ್ತವೆ.

‘ಎಲ್‌ಡಿ’ ಎಂಬ ಹೆಸರು, ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂಬ ಪದಗಳು ಕಂಡರೆ ಅದು ಲಿಂಕರು. ಮೇನ್ ಎಂಬುದರ ಸ್ಪೆಲ್ಲಿಂಗಿನಲ್ಲಿ ಎ ಮತ್ತು ಐ ಹಿಂದುಮುಂದು ಮಾಡಿ ನೋಡಿ. ಕಂಪೈಲರು ಒಪ್ಪುತ್ತದೆ, ನೀವು ಯಾವುದೋ ಫಂಕ್ಷನ್ ಬರೆದಿದ್ದೀರಿ, ಬರೆಯಿರಿ, ತನಗೇನು! ಜೋಡಿಸಲು ಕೂತ ಲಿಂಕರು ಮಾತ್ರ ‘ಮೇನ್ ಎಲ್ಲಿ’ ಎಂದು ಕೇಳುತ್ತದೆ. ಹೀಗೆ ಲಿಂಕರು ದೂರಿದರೆ ಸೆಮಿಕೋಲನ್ ಹುಡುಕಬೇಡಿ. ಹೆಸರಿನ ಸ್ಪೆಲ್ಲಿಂಗ್ ನೋಡಿ, ಇಲ್ಲವೇ ಯಾವ ತುಂಡು ಸೇರಿಸಲು ಮರೆತಿರಿ ಎಂದು ನೋಡಿ. ವರ್ಗಮೂಲದ ಫಂಕ್ಷನ್ ಬಳಸಿದಾಗ ಕಮಾಂಡಿನ ಕೊನೆಗೆ ‘-ಎಲ್‌ಎಂ’ ಎಂದು ಹಾಕಬೇಕಾಗುವುದು ಇದಕ್ಕೇ: ಗಣಿತದ ಲೈಬ್ರರಿಯನ್ನೂ ಸೇರಿಸು ಎಂದು ಹೇಳಬೇಕು.

ಐದನೆಯ ದನಿ ಪ್ರೋಗ್ರಾಮು ಓಡುವಾಗ ಬರುವುದು. ‘ಸೆಗ್ಮೆಂಟೇಶನ್ ಫಾಲ್ಟ್’ ಎಂದರೆ ನಿಮ್ಮ ಪ್ರೋಗ್ರಾಮು ತನ್ನದಲ್ಲದ ಮೆಮೊರಿಗೆ ಕೈ ಹಾಕಿತು, ಆಪರೇಟಿಂಗ್ ಸಿಸ್ಟಂ ಅದನ್ನು ಅಲ್ಲೇ ನಿಲ್ಲಿಸಿತು. ಹೊಸಬರಲ್ಲಿ ಇದರ ಸಾಮಾನ್ಯ ಕಾರಣ ಕೀಬೋರ್ಡಿನಿಂದ ಅಂಕಿ ಓದುವ ಸ್ಕ್ಯಾನ್‌ಎಫ್‌ನಲ್ಲಿ ‘&’ ಗುರುತು ಬಿಟ್ಟಿರುವುದು. ಏನೂ ಹೇಳದೆ ಸುಮ್ಮನೆ ಓಡುತ್ತಲೇ ಇದ್ದರೆ ಲೂಪು ನಿಲ್ಲುತ್ತಿಲ್ಲ ಎಂದರ್ಥ. ಕಂಟ್ರೋಲ್ ಮತ್ತು ಸಿ ಒತ್ತಿ ನಿಲ್ಲಿಸಿ.

ಯಾರೂ ಮಾತಾಡದ ತಪ್ಪು

ರಾಯದುರ್ಗ ಎಂದರೆ ರೆಡಿಮೇಡ್ ಬಟ್ಟೆ, ಜೀನ್ಸ್ ಹೊಲಿಯುವ ಊರು. ಅಲ್ಲಿ ಲೆಕ್ಕ ಪೀಸಿನಲ್ಲಿ, ಡಜನ್ನಿನಲ್ಲಿ. ಹೊಲಿದ ಪೀಸು ಎಷ್ಟು ಎಂದು ಕೊಟ್ಟರೆ ಎಷ್ಟು ಡಜನ್, ಎಷ್ಟು ಬಿಡಿ ಎಂದು ಹೇಳುವ ಪ್ರೋಗ್ರಾಮು ಬರೆಯೋಣ. ಫೈಲಿನ ಹೆಸರು ಡಜನ್.ಸಿ:

#ಇನ್‌ಕ್ಲೂಡ್ <ಎಸ್‌ಟಿಡಿಐಒ.ಎಚ್>
ಇಂಟ್ ಮೇನ್(ವಾಯ್ಡ್)
{
    ಇಂಟ್ ಪೀಸ್;
    ಸ್ಕ್ಯಾನ್‌ಎಫ್("%ಡಿ", &ಪೀಸ್);
    ಪ್ರಿಂಟ್‌ಎಫ್("%ಡಿ ಡಜನ್, %ಡಿ ಬಿಡಿ\ಎನ್", ಪೀಸ್ / 12, ಪೀಸ್ % 12);
    ರಿಟರ್ನ್ 0;
}

ಶೇಕಡಾ ಗುರುತಿನ ಪಕ್ಕದ ಡಿ ಇಂಗ್ಲಿಷಿನ ಅಕ್ಷರ ಎಂಬುದು ನೆನಪಿರಲಿ. ಕೊನೆಯ ‘% 12’ ಅಂದರೆ 12ರಿಂದ ಭಾಗಿಸಿ ಉಳಿಯುವ ಶೇಷ. ಕಂಪೈಲ್ ಮಾಡುವಾಗ ಇನ್ನೊಂದು ಪದ ಸೇರಿಸೋಣ:

$ ಜಿಸಿಸಿ -ವಾಲ್ ಡಜನ್.ಸಿ -ಒ ಡಜನ್
$ ./ಡಜನ್
50
4 ಡಜನ್, 2 ಬಿಡಿ

‘-ವಾಲ್’ನಲ್ಲಿ ಮೊದಲ ಅಕ್ಷರ ಡಬ್ಲ್ಯು, ಅದು ದೊಡ್ಡದು. ಅನುಮಾನ ಬಂದ ಕಡೆ ವಾರ್ನಿಂಗ್ ಕೊಡು ಎಂದು ಕಂಪೈಲರಿಗೆ ಹೇಳುವ ಪದ ಇದು. ಮೇಲಿನ ಕೋಡಿನಲ್ಲಿ ‘&’ ಬಿಟ್ಟು ಕಂಪೈಲ್ ಮಾಡಿದರೆ, ಓಡಿಸಿ ಬೀಳುವ ಮೊದಲೇ ಎಚ್ಚರಿಕೆ ಬರುತ್ತದೆ. ವಾರ್ನಿಂಗ್ ಬಂದರೂ ಪ್ರೋಗ್ರಾಮು ತಯಾರಾಗುತ್ತದಲ್ಲ ಎಂದು ಅದನ್ನು ಕಡೆಗಣಿಸಬೇಡಿ.

ಇಲ್ಲಿ 50ನ್ನು 12ರಿಂದ ಭಾಗಿಸಿದರೆ 4 ಬಂತು. ಪಾಯಿಂಟಿನ ನಂತರದ್ದು ಹೋಯಿತು. ಇಂಟ್ ಅನ್ನು, ಅಂದರೆ ಪೂರ್ಣಾಂಕವನ್ನು, ಇಂಟ್‌ನಿಂದ ಭಾಗಿಸಿದರೆ ಸಿ ಮಾಡುವುದೇ ಹೀಗೆ. ಡಜನ್ ಲೆಕ್ಕಕ್ಕೆ ನಮಗೆ ಬೇಕಿದ್ದದ್ದೂ ಅದೇ. ಆದರೆ 50 ಪೀಸನ್ನು 12 ಜನ ಹೊಲಿದರು, ಒಬ್ಬೊಬ್ಬರ ಸರಾಸರಿ ಎಷ್ಟು ಎಂದು ಇದೇ ಸಾಲಿನಲ್ಲಿ ಕೇಳಿದರೆ ಉತ್ತರ ತಪ್ಪು. ಅದೇ ಸಾಲು, ಅದೇ ಅಂಕಿ. ಒಂದು ಪ್ರಶ್ನೆಗೆ ಸರಿ, ಇನ್ನೊಂದಕ್ಕೆ ತಪ್ಪು. ನಿಮ್ಮ ಮನಸ್ಸಿನಲ್ಲಿ ಯಾವ ಪ್ರಶ್ನೆ ಇತ್ತು ಎಂದು ಕಂಪೈಲರಿಗೆ ಹೇಗೆ ಗೊತ್ತಾಗಬೇಕು? ಐದು ಜನರಲ್ಲಿ ಒಬ್ಬರೂ ಬಾಯಿ ಬಿಡುವುದಿಲ್ಲ.

ಇಂಥದ್ದೇ ಇನ್ನೊಂದು. ಟರ್ಬೊ ಸಿಯಲ್ಲಿ ಇಂಟ್‌ಗೆ ಎರಡೇ ಬೈಟು, 32767 ದಾಟಿದರೆ ಹಿಡಿಸುವುದಿಲ್ಲ. ಲೆಕ್ಕಕ್ಕೆಂದು 400 ಪೀಸು, ಪೀಸಿಗೆ 90 ರೂಪಾಯಿ ಎಂದಿಟ್ಟುಕೊಳ್ಳಿ. ಕೂಲಿ 36000 ಆಗಬೇಕು. ಆ ಪರದೆಯಲ್ಲಿ -29536 ಬರುತ್ತದೆ. ದುಡಿದವನೇ ದುಡ್ಡು ಕೊಡಬೇಕು! ಇವತ್ತಿನ ಜಿಸಿಸಿಯಲ್ಲಿ ಇಂಟ್‌ಗೆ ನಾಲ್ಕು ಬೈಟು, ಇನ್ನೂರು ಕೋಟಿ ದಾಟುವವರೆಗೆ ತೊಂದರೆಯಿಲ್ಲ. ಆದರೂ ಮಿತಿ ಇದ್ದೇ ಇದೆ.

ಪ್ರೋಗ್ರಾಮು ಕೇಳಿದಾಗ 50 ಎನ್ನುವ ಬದಲು ‘ಐವತ್ತು’ ಎಂದು ಹೊಡೆದು ನೋಡಿ. ಸ್ಕ್ಯಾನ್‌ಎಫ್‌ಗೆ ಅಂಕಿ ಸಿಗುವುದಿಲ್ಲ, ಪೀಸ್‌ನೊಳಗೆ ಏನು ಕಸ ಇತ್ತೋ ಅದರ ಡಜನ್ನು ಅಚ್ಚಾಗುತ್ತದೆ. ಸ್ಕ್ಯಾನ್‌ಎಫ್ ತಾನು ಎಷ್ಟು ಅಂಕಿ ಓದಿದೆ ಎಂದು ಹಿಂತಿರುಗಿಸುತ್ತದೆ. ಅದು 1 ಆಗಿಲ್ಲದಿದ್ದರೆ ‘ಅಂಕಿ ಕೊಡಿ’ ಎಂದು ಅಚ್ಚು ಮಾಡಿ ‘ರಿಟರ್ನ್ 1’ ಎನ್ನಿಸಿ. ಆಮೇಲೆ ಶೆಲ್ಲಿನಲ್ಲಿ ‘ಎಕೊ $?’ ಎಂದು ಕೇಳಿದರೆ ಆ 1 ಕಾಣಿಸುತ್ತದೆ. ಮೊದಲ ಪ್ರೋಗ್ರಾಮಿನಲ್ಲಿ ಸೊನ್ನೆ ಒಪ್ಪಿಸಿದ್ದು ಏತಕ್ಕೆ ಎಂಬುದು ಈಗ ಸ್ಪಷ್ಟವಾಗಬೇಕು: ಮಾತಾಡದ ತಪ್ಪಿಗೆ ಬಾಯಿ ಕೊಡುವುದು ಪ್ರೋಗ್ರಾಮು ಬರೆಯುವವನ ಕೆಲಸ.

ಮಾತಾಡದ ತಪ್ಪು ಹಿಡಿಯಲು ಇರುವ ದಾರಿ ಹಳೆಯದೇ: ಉತ್ತರ ಮೊದಲೇ ಗೊತ್ತಿರುವ ಲೆಕ್ಕವನ್ನು ಕೊಟ್ಟು ನೋಡುವುದು. 0, 11, 12, 13 ಕೊಡಿ. ಪ್ರತಿ ಸಲ ಹೊಡೆಯುವುದು ಬೇಜಾರಾದರೆ ಲೆಕ್ಕ ಎಂಬ ಫೈಲಿನಲ್ಲಿ ಒಂದು ಅಂಕಿ ಬರೆದಿಟ್ಟು ‘./ಡಜನ್ < ಲೆಕ್ಕ’ ಎಂದು ಹೊಡೆಯಿರಿ. ಕೀಬೋರ್ಡಿನ ಬದಲು ಆ ಫೈಲಿನಿಂದ ಓದಿಕೊಳ್ಳುತ್ತದೆ.

ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ

ನಿಮ್ಮಲ್ಲಿ ಹಲವರ ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಆದರೆ ಆಂಡ್ರಾಯ್ಡ್ ಫೋನು ಇದೆ. ಟರ್ಮಕ್ಸ್ ಎಂಬ ಆಪ್ ಫೋನಿನೊಳಗೇ ಇಂಥದ್ದೇ ಕಪ್ಪು ಪರದೆ ಕೊಡುತ್ತದೆ. ಅದನ್ನು ಎಫ್-ಡ್ರಾಯ್ಡ್‌ನಿಂದ ಹಾಕಿಕೊಂಡು, ‘ಪಿಕೆಜಿ ಇನ್‌ಸ್ಟಾಲ್ ಕ್ಲ್ಯಾಂಗ್’ ಎಂದು ಹೊಡೆಯಿರಿ. ಕ್ಲ್ಯಾಂಗ್ ಇನ್ನೊಂದು ಸಿ ಕಂಪೈಲರು. ಜಿಸಿಸಿ ಎಂದಿರುವ ಕಡೆ ಕ್ಲ್ಯಾಂಗ್ ಎಂದರೆ ಈ ಪಾಠದ ಕಮಾಂಡುಗಳು ನಡೆಯುತ್ತವೆ. ಒಂದು ಎಚ್ಚರ: ಫೈಲುಗಳನ್ನು ಟರ್ಮಕ್ಸ್‌ನ ಸ್ವಂತ ಹೋಮ್ ಫೋಲ್ಡರಿನಲ್ಲೇ ಇಡಿ. ಫೋಟೊ, ಹಾಡು ಇರುವ ಸ್ಟೋರೇಜಿನಲ್ಲಿ ಕಂಪೈಲ್ ಮಾಡಿದರೆ, ಓಡಿಸುವಾಗ ‘ಪರ್ಮಿಷನ್ ಡಿನೈಡ್’ ಎನ್ನುತ್ತದೆ. ಅದನ್ನು ಹೇಳಿದ್ದು ಯಾರು? ಶೆಲ್. ತಪ್ಪು ಜಾಗದ್ದು, ಕೋಡಿನದ್ದಲ್ಲ.

ಕೆಲಸ ಹಗುರಾಗಲು ಎರಡು ಕೀಲಿ: ಮೇಲ್ಮುಖ ಬಾಣ ಒತ್ತಿದರೆ ಹಿಂದಿನ ಕಮಾಂಡು ಮರಳಿ ಬರುತ್ತದೆ, ಫೈಲಿನ ಹೆಸರಿನ ಮೊದಲ ಒಂದೆರಡು ಅಕ್ಷರ ಹೊಡೆದು ಟ್ಯಾಬ್ ಒತ್ತಿದರೆ ಉಳಿದದ್ದನ್ನು ಶೆಲ್ ತುಂಬಿಕೊಡುತ್ತದೆ. ಬೆರಳಿಗೆ ಇಂಗ್ಲಿಷ್ ಕೀಬೋರ್ಡು ಇನ್ನೂ ಪಳಗದವರಿಗೆ ಇದು ದೊಡ್ಡ ಸಹಾಯ.

ಇವತ್ತು ಮನೆಗೆಲಸ ಇಷ್ಟು. ಊರು.ಸಿ ಎದುರಿಗಿಟ್ಟುಕೊಂಡು ಐದು ಜನರನ್ನೂ ಬೇಕೆಂದೇ ಮಾತಾಡಿಸಿ. ಜಿಸಿಸಿ ಸ್ಪೆಲ್ಲಿಂಗ್ ಕೆಡಿಸಿ, ಸರಿಮಾಡಿ, ಹೆಡರ್ ಹೆಸರು ಕೆಡಿಸಿ, ಅದನ್ನು ಸರಿಮಾಡಿ, ಸೆಮಿಕೋಲನ್ ತೆಗೆಯಿರಿ, ಮತ್ತೆ ಹಾಕಿ, ಆಮೇಲೆ ಮೇನ್ ಸ್ಪೆಲ್ಲಿಂಗ್ ಕೆಡಿಸಿ, ಕೊನೆಗೆ ಡಜನ್.ಸಿಯಲ್ಲಿ ‘&’ ತೆಗೆದು ಓಡಿಸಿ. ಪ್ರತಿ ಸಲ ಬಂದ ಸಂದೇಶವನ್ನು ನೋಟ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ಹಾಗೆಯೇ ಇಳಿಸಿಕೊಂಡು, ಪಕ್ಕದಲ್ಲಿ ಕನ್ನಡದಲ್ಲಿ ಎರಡು ವಿಷಯ ಬರೆಯಿರಿ: ಹೇಳಿದ್ದು ಯಾರು, ನೋಡಬೇಕಾದ್ದು ಎಲ್ಲಿ. ಮುಂದಿನ ಲ್ಯಾಬಿಗೆ ಆ ಪುಟ ಜೊತೆಗಿರಲಿ. ಪಕ್ಕದ ಸೀಟಿನವರು ಎರರ್ ನೋಡಿ ಕೈಕಟ್ಟಿ ಕೂತಾಗ, ತೆಲುಗಿನಲ್ಲೋ ಕನ್ನಡದಲ್ಲೋ, ಅವರಿಗೆ ನೀವೇ ಹೇಳಿಕೊಡುವಿರಿ.